ಬಾಗಿಲಿಗೆ ಬೀಗ, ಬೀಗಕ್ಕೆ ಎಷ್ಟು ನಿಮಿಷ?

ಊರಿಗೆ ಹೊರಟವರು ಕೊನೆಯದಾಗಿ ಮಾಡುವ ಕೆಲಸವೆಂದರೆ ಮುಂಬಾಗಿಲ ಚಿಲಕ ಎಳೆದು, ಅಂಗೈಯಗಲದ ಬೀಗ ಜಡಿದು, ಎರಡು ಸಲ ಜಗ್ಗಿ ನೋಡುವುದು. ಜಗ್ಗಿದವರಿಗೆ ಸಮಾಧಾನ. ಬೀದಿಯಲ್ಲಿ ಹೋಗುವವನಿಗೆ ಮಾತ್ರ ಅದೇ ಬೀಗ ಬೇರೆ ಸುದ್ದಿ ಕೊಡುತ್ತದೆ: ಒಳಗೆ ಯಾರೂ ಇಲ್ಲ. ಅಕ್ಕಪಕ್ಕದ ಮನೆಗಳ ಮುಂದೆ ಬೆಳಗಿನ ಹೊಸ ರಂಗೋಲಿ. ಈ ಮನೆಯ ಮುಂದೆ ಮೊನ್ನೆಯದು, ಅದೂ ಅರ್ಧ ಅಳಿಸಿದೆ. ಗೇಟಿನ ಸಂದಿಯಲ್ಲಿ ಎರಡು ದಿನದ ಪೇಪರ್. ನಡುಹಗಲಲ್ಲೂ ಉರಿಯುತ್ತಿರುವ ಪೋರ್ಚ್ ದೀಪ. ಇಷ್ಟು ಗೊತ್ತಾದ ಮೇಲೆ ಕಳ್ಳನಿಗೆ ಬೇರೆ ಪತ್ತೇದಾರಿಕೆ ಬೇಕಿಲ್ಲ.

ಕಳ್ಳತನ ಎಂದರೆ ಬಡತನದ ಫಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಎರಡನೇ ಮಹಾಯುದ್ಧದ ನಂತರದ ಅಮೆರಿಕದಲ್ಲಿ ಜನರ ಆದಾಯ ಏರುತ್ತಿತ್ತು, ಮನೆಗಳ್ಳತನವೂ ಏರುತ್ತಿತ್ತು. ಇದು ಹೇಗೆ ಎಂಬ ಪ್ರಶ್ನೆಯನ್ನು 1979ರಲ್ಲಿ ಲಾರೆನ್ಸ್ ಕೊಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಇಬ್ಬರು ಸಮಾಜವಿಜ್ಞಾನಿಗಳು ಕೈಗೆತ್ತಿಕೊಂಡರು. ಕದಿಯುವ ಮನಸ್ಸಿನವನು, ಕದಿಯಲು ತಕ್ಕ ವಸ್ತು, ಕಾಯುವವರ ಗೈರುಹಾಜರಿ ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂಡಿದರೆ ಕಳ್ಳತನ ನಡೆಯುತ್ತದೆ ಎಂದರು. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೊರಟ ಮೇಲೆ ಹಗಲಲ್ಲಿ ಮನೆಗಳು ಖಾಲಿ ಬಿದ್ದವು. ಜೊತೆಗೆ ವಸ್ತುಗಳು ಹಗುರಾದವು. ಮಾಲು ಮಾರುವ ಅಂಗಡಿಯ ಕೆಟಲಾಗ್ ತಿರುವಿಹಾಕಿ ಅವರು ಟಿವಿಗಳ ತೂಕವನ್ನೇ ಲೆಕ್ಕ ಹಾಕಿದರು: 1960ರಲ್ಲಿ ಅತಿ ಹಗುರ ಟಿವಿ 38 ಪೌಂಡ್ ಇತ್ತು, 1970ರಲ್ಲಿ 15 ಪೌಂಡ್. ಹೊತ್ತುಕೊಂಡು ಓಡಲು ಬರುವ ವಸ್ತು ಎಂಬುದು ಕಳ್ಳನ ಲೆಕ್ಕದಲ್ಲಿ ದೊಡ್ಡ ಅಂಶ. ನಮ್ಮಲ್ಲಿ ಈ ಲೆಕ್ಕ ಇನ್ನೂ ಸುಲಭ. ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಸುಮಾರು ಅರ್ಧ ಕಿಲೋ ಚಿನ್ನ ಕೂರುತ್ತದೆ. ಅಂಗಿಯ ಜೇಬಿಗೆ ಒಂದು ಮನೆಯ ಮೂರು ತಲೆಮಾರಿನ ಉಳಿತಾಯ ಹಿಡಿಸುತ್ತದೆ.

ಈಗ ಆ ಬೀಗದ ಹತ್ತಿರ ಹೋಗೋಣ. ನಾವು ಅಂಗಡಿಯಲ್ಲಿ ಕೇಳುವುದು ‘ಎಷ್ಟು ಲಿವರಿನದು?’ ಎಂದು. ಏಳು ಲಿವರ್, ಎಂಟು ಲಿವರ್ ಎಂದರೆ ಗಟ್ಟಿ ಎಂಬ ನಂಬಿಕೆ. ನಿಜಕ್ಕೂ ಲಿವರುಗಳ ಸಂಖ್ಯೆಗೂ ಬೀಗದ ಗಟ್ಟಿತನಕ್ಕೂ ಸಂಬಂಧವಿಲ್ಲ. ಒಳಗಿನ ಪ್ರತಿ ಲಿವರನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಅಗಳಿ ಜಾರುತ್ತದೆ. ಲಿವರ್ ಹೆಚ್ಚಿದಷ್ಟೂ ಕಳ್ಳಕೀಲಿಗೆ ಕಷ್ಟ, ಅಷ್ಟೆ. ಆದರೆ ನಮ್ಮ ಮನೆಗಳ್ಳರಲ್ಲಿ ಕಳ್ಳಕೀಲಿ ಹಿಡಿದು ಬಾಗಿಲ ಮುಂದೆ ತಾಳ್ಮೆಯಿಂದ ಕೂರುವವರು ಕಡಿಮೆ. ಅವರ ಕೈಯಲ್ಲಿರುವುದು ರಾಡು. ಬೀಗ ಜಡಿದ ಚಿಲಕದ ಕೊಂಡಿಯ ಹಿಂದೆ ರಾಡಿನ ತುದಿ ತೂರಿಸಿ ಒತ್ತಿದರೆ ಶಾಲೆಯಲ್ಲಿ ಓದಿದ ಸನ್ನೆಕೋಲು ಕೆಲಸ ಶುರುಮಾಡುತ್ತದೆ. ಆಧಾರದಿಂದ ಕೊಂಡಿಗೆ 3 ಸೆಂಟಿಮೀಟರ್, ಆಧಾರದಿಂದ ಕೈ ಹಿಡಿಗೆ 60 ಸೆಂಟಿಮೀಟರ್ ಇದ್ದರೆ ಬಲ ಇಪ್ಪತ್ತು ಪಟ್ಟು. ಮೂವತ್ತು ಕಿಲೋ ಭಾರ ಹಾಕಿ ಒತ್ತಿದರೂ ಕೊಂಡಿಯ ಮೇಲೆ ಬೀಳುವುದು 600 ಕಿಲೋ. ಆ ಕೊಂಡಿಯನ್ನು ಹಿಡಿದಿರುವುದು ಏನು? ಮುಕ್ಕಾಲಿಂಚಿನ ನಾಲ್ಕು ಸ್ಕ್ರೂ, ಅದೂ ಹತ್ತು ವರ್ಷ ಮಳೆಗಾಳಿಗೆ ಒಡ್ಡಿಕೊಂಡ ಮರದಲ್ಲಿ. ಸಾವಿರ ರೂಪಾಯಿಯ ಬೀಗಕ್ಕೆ ಗೀರೂ ಬೀಳುವುದಿಲ್ಲ. ಬೆಳಿಗ್ಗೆ ನೋಡಿದರೆ ಅದು ಕೊಂಡಿಯ ಸಮೇತ ಹೂಕುಂಡದ ಪಕ್ಕ ಬಿದ್ದಿರುತ್ತದೆ.

ಇದಕ್ಕೆ ಪರಿಹಾರ ಇನ್ನೂ ದೊಡ್ಡ ಬೀಗವಲ್ಲ. ಬಾಗಿಲಿನೊಳಗೇ ಹುದುಗಿದ, ಹೊರಗೆ ಕೀಲಿಕಂಡಿ ಮಾತ್ರ ಕಾಣುವ ಬೀಗ ಎರಡು ಉಪಕಾರ ಮಾಡುತ್ತದೆ: ರಾಡಿಗೆ ಆಧಾರ ಸಿಗುವುದಿಲ್ಲ, ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಹಳೆಯ ಬಾಗಿಲಾದರೆ ಕೊಂಡಿಯ ಸ್ಕ್ರೂ ಕಿತ್ತು, ಹಲಗೆಯನ್ನು ದಾಟಿ ಒಳಗಡೆ ನಟ್ಟು ಬಿಗಿಯುವ ಬೋಲ್ಟು ಹಾಕಿಸಬಹುದು. ಬಡಗಿಗೆ ಅರ್ಧ ದಿನದ ಕೆಲಸ. ದಾರಂದದ ಕಡೆ ಅಗಳಿ ಕೂರುವ ತಗಡಿಗೂ ಉದ್ದನೆಯ ಸ್ಕ್ರೂ ಬೇಕು. ಇಷ್ಟೆಲ್ಲ ಮಾಡಿಸಿ ಹಿತ್ತಿಲ ಬಾಗಿಲಿಗೆ ಒಂದು ಸಣ್ಣ ಟವರ್ ಬೋಲ್ಟ್ ಸಾಕು ಎಂದುಕೊಳ್ಳುವ ಮನೆಗಳೇ ಹೆಚ್ಚು. ಕಳ್ಳ ಮುಂಬಾಗಿಲಿಂದಲೇ ಬರಲಿ ಎಂದು ಬಯಸುವುದು ನಮ್ಮ ಸಂಸ್ಕಾರ, ಅವನದಲ್ಲ.

ಒಡೆಯಲಾಗದ ಬೀಗ ಎಂಬುದು ಇಲ್ಲ. ಲಂಡನ್ನಿನ ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬೀಗವನ್ನು ತಮ್ಮ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿ, ತೆರೆದವರಿಗೆ 200 ಗಿನಿ ಬಹುಮಾನ ಎಂದು ಬರೆದಿಟ್ಟಿದ್ದರು. ಅರವತ್ತು ವರ್ಷ ಯಾರಿಗೂ ಆಗಲಿಲ್ಲ. 1851ರ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ಕುಶಲಿ ಅದನ್ನು ತೆರೆದ. ಹಿಡಿದದ್ದು ಹದಿನಾರು ದಿನಗಳಲ್ಲಿ ಹರಡಿದ 51 ಗಂಟೆ. ಅದೇ ಪ್ರವಾಸದಲ್ಲಿ, ಆ ಕಾಲದ ಇನ್ನೊಂದು ಹೆಸರುವಾಸಿಯಾದ ಚಬ್ ಬೀಗವನ್ನು 25 ನಿಮಿಷದಲ್ಲಿ ಬಿಚ್ಚಿದ. ಇಂಗ್ಲೆಂಡ್ ಮುಜುಗರಪಟ್ಟಿತು. ನನಗೆ ಮುಖ್ಯವಾಗಿ ಕಾಣುವುದು ಗಡಿಯಾರದ ಲೆಕ್ಕ. 51 ಗಂಟೆ ಬೇಕಾದ ಬೀಗ ‘ಸೋತ’ ಬೀಗವೇ? ಯಾವ ಕಳ್ಳನಿಗೆ 51 ಗಂಟೆ ಪುರುಸೊತ್ತಿದೆ? ತಿಜೋರಿ ಪರೀಕ್ಷಿಸುವವರು ಇದನ್ನು ಅರಿತು ಮಾತಾಡುತ್ತಾರೆ. ಅಮೆರಿಕದ ಟಿಎಲ್-15, ಟಿಎಲ್-30 ಎಂಬ ದರ್ಜೆಗಳ ಅರ್ಥ, ನುರಿತವರು ಕೈ ಉಪಕರಣ, ವಿದ್ಯುತ್ ಡ್ರಿಲ್ ಹಿಡಿದು ಮೇಲೆ ಬಿದ್ದರೂ ಬಾಗಿಲು 15 ಅಥವಾ 30 ನಿಮಿಷ ತಡೆಯುತ್ತದೆ ಎಂದಷ್ಟೇ. ಅವರು ಮಾರುವುದು ಕಬ್ಬಿಣವನ್ನಲ್ಲ, ನಿಮಿಷಗಳನ್ನು.

ಕಳ್ಳನಿಗೂ ಇದು ಗೊತ್ತು. ಶೂದ್ರಕನ ಮೃಚ್ಛಕಟಿಕ ನಾಟಕದಲ್ಲಿ ಚಾರುದತ್ತನ ಮನೆಗೆ ಕನ್ನ ಹಾಕಲು ಬರುವ ಶರ್ವಿಲಕ ಗೋಡೆಯ ಮುಂದೆ ನಿಂತು ಮೊದಲು ಹುಡುಕುವುದು ನೀರು ಬಿದ್ದು ಬಿದ್ದು ಮೆತ್ತಗಾದ ಜಾಗವನ್ನು, ಇಲಿ ತೋಡಿದ ಜಾಗವನ್ನು. ಅಳತೆಗೆ ಜನಿವಾರ ಬಳಸುತ್ತಾನೆ. ಸದ್ದು ಕಡಿಮೆ, ಹೊತ್ತು ಕಡಿಮೆ. ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ ಕಸುಬಿನ ಈ ಭಾಗ ಬದಲಾಗಿಲ್ಲ.

ಒಳಗೆ ಬಂದ ಮೇಲೆ ಏನು ಮಾಡುತ್ತಾನೆ? ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಕ್ಲೇರ್ ನೀ ಎಂಬ ಮನೋವಿಜ್ಞಾನಿ ಇದನ್ನು ಕಳ್ಳರನ್ನೇ ಕೇಳಿದರು. ಸಹೋದ್ಯೋಗಿ ಏಮಿ ಮೀನಗನ್ ಜೊತೆ 2006ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 50 ಮಂದಿ ಪಳಗಿದ ಮನೆಗಳ್ಳರನ್ನು ಮಾತಾಡಿಸಿದ್ದರು. ಹೆಚ್ಚಿನವರ ಹುಡುಕಾಟಕ್ಕೆ ಒಂದು ರೂಢಿಯ ದಾರಿಯಿತ್ತು. ಯೋಚಿಸದೆಯೇ ಕಾಲು ಮೊದಲು ಮನೆಯ ಹಿರಿಯರು ಮಲಗುವ ಕೋಣೆಗೆ ನಡೆಯುತ್ತದೆ, ಆಮೇಲೆ ಮಿಕ್ಕ ಕೋಣೆಗಳು. ದಿನಾ ಅಡುಗೆ ಮಾಡುವವರು ಒಗ್ಗರಣೆ ಡಬ್ಬಿಗೆ ನೋಡದೆಯೇ ಕೈ ಚಾಚುವ ಹಾಗೆ. ಮನಸ್ಸು ಹೀಗೆ ಬಿಡುವಾಗಿರುವುದರಿಂದ ಕಿವಿ ಹೊರಗಿನ ಸದ್ದಿನ ಮೇಲಿರುತ್ತದೆ. ಮುಂದೆ ಕಂಪ್ಯೂಟರಿನಲ್ಲಿ ಕಟ್ಟಿದ ಮನೆಯೊಳಗೆ ಮಾಜಿ ಕಳ್ಳರನ್ನೂ ವಿದ್ಯಾರ್ಥಿಗಳನ್ನೂ ‘ಕದಿಯಲು’ ಬಿಟ್ಟಾಗ, ಕಳ್ಳರು ಕಡಿಮೆ ವಸ್ತು ಎತ್ತಿ ಹೆಚ್ಚು ಬೆಲೆಯದನ್ನು ಹೊತ್ತರು.

ನಮ್ಮ ಮನೆಗಳಲ್ಲಿ ಆ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಿಲ್ಲ. ಮಲಗುವ ಕೋಣೆಯ ಕಬ್ಬಿಣದ ಬೀರು. ಅದರ ಕೀಲಿ ಹಾಸಿಗೆಯಡಿ, ಇಲ್ಲವೇ ಮೇಲಿನ ಅರೆಯ ರೇಷ್ಮೆ ಸೀರೆಗಳ ಮಡಿಕೆಯಲ್ಲಿ, ಇಲ್ಲವೇ ದೇವರ ಮನೆಯ ಪಟದ ಹಿಂದೆ. ಅಕ್ಕಿ ಡಬ್ಬ, ತೊಗರಿಬೇಳೆ ಡಬ್ಬ ಎಲ್ಲರಿಗೂ ಹೊಳೆಯುವ ಜಾಗಗಳೇ. ಮುಂಬಾಗಿಲ ಕೀಲಿಗಾದರೆ ತುಳಸಿಕಟ್ಟೆ, ಚಪ್ಪಲಿ ಗೂಡು, ಮೀಟರ್ ಪೆಟ್ಟಿಗೆ. ಕಳ್ಳನಿಗೆ ಇರುವುದು ಕೆಲವೇ ನಿಮಿಷ ಎಂದಾದರೆ ನಾವು ಮಾಡಬೇಕಾದ್ದು ಒಂದೇ: ಅವನ ರೂಢಿಯ ದಾರಿಯಲ್ಲಿ ಬೆಲೆಬಾಳುವುದೆಲ್ಲವೂ ಒಟ್ಟಿಗೆ ಸಿಗದಂತೆ ನೋಡಿಕೊಳ್ಳುವುದು. ಮನೆಯಲ್ಲಿ ಸಣ್ಣ ತಿಜೋರಿ ಇಟ್ಟುಕೊಂಡವರು ಅದನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಮಾಡಿಸದಿದ್ದರೆ ಕಳ್ಳನಿಗೆ ಒಡವೆಯ ಜೊತೆ ಹಿಡಿಯಿರುವ ಪೆಟ್ಟಿಗೆಯನ್ನೂ ಕೊಟ್ಟಂತೆ.

ಈಗ ಈ ವಿಜ್ಞಾನದಲ್ಲಿ ನನಗೆ ಅತ್ಯಂತ ಅಚ್ಚರಿ ತಂದ ಸಂಗತಿ. ಒಂದು ಸಲ ಕಳ್ಳತನವಾದ ಮನೆಗೆ ಮತ್ತೆ ಕಳ್ಳ ಬರುವುದಿಲ್ಲ ಎಂದು ಜನ ಸಮಾಧಾನ ಹೇಳುತ್ತಾರೆ. ಲೆಕ್ಕ ಇದಕ್ಕೆ ತಿರುಗುಮುರುಗಾಗಿದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್ ಊರಿನಲ್ಲಿ ಕರ್ಕ್‌ಹೋಲ್ಟ್ ಎಂಬ ಬಡಾವಣೆಯಿದೆ. ಸರ್ಕಾರಿ ಬಾಡಿಗೆ ಮನೆಗಳು, ಕಡಿಮೆ ಸಂಬಳದ ಜನ, ವಿಪರೀತ ಮನೆಗಳ್ಳತನ. 1986ರ ಹೊತ್ತಿಗೆ ಅಲ್ಲಿ ಕೆನ್ ಪೀಸ್ ಎಂಬ ಅಪರಾಧಶಾಸ್ತ್ರಜ್ಞ ಮತ್ತು ಅವರ ತಂಡ ದೂರುಗಳನ್ನು ಮನೆ ಮನೆಯಾಗಿ ವಿಂಗಡಿಸಿ ನೋಡಿದರು. ಕಳ್ಳತನವಾಗದ ಮನೆಗೆ ಮೊದಲ ಸಲ ಕಳ್ಳ ಬರುವ ಸಂಭವಕ್ಕಿಂತ, ಆಗಲೇ ಆದ ಮನೆಗೆ ಮತ್ತೊಮ್ಮೆ ಬರುವ ಸಂಭವ ನಾಲ್ಕು ಪಟ್ಟು ಇತ್ತು. ಇಡೀ ಬಡಾವಣೆಯನ್ನು ಕಾಯುವಷ್ಟು ದುಡ್ಡು ಯಾರ ಬಳಿಯೂ ಇರಲಿಲ್ಲ. ಅವರು ಕಳ್ಳತನವಾದ ಮನೆಗಳನ್ನಷ್ಟೇ ಹಿಡಿದುಕೊಂಡರು. ಬಾಗಿಲು ಕಿಟಕಿ ಬೇಗ ಭದ್ರ ಮಾಡಿಸಿದರು. ಮನೆಯೊಳಗಿದ್ದ, ನಾಣ್ಯ ಹಾಕಿ ಅನಿಲ ಪಡೆಯುವ ಮೀಟರುಗಳನ್ನು ತೆಗೆಸಿದರು. ಕಳ್ಳರಿಗೆ ಅದು ಪ್ರತಿ ಮನೆಯಲ್ಲೂ ಕಾದಿರುವ ಹುಂಡಿಯಾಗಿತ್ತು. ಸುತ್ತಲ ಐದಾರು ಮನೆಯವರನ್ನು ಮಾತ್ರ, ಈ ಮನೆಯ ಕಡೆ ಕೆಲವು ವಾರ ಒಂದು ಕಣ್ಣಿಡಿ ಎಂದು ಒಪ್ಪಿಸಿದರು. ಮೂರು ವರ್ಷದಲ್ಲಿ ಬಡಾವಣೆಯ ಕಳ್ಳತನ ಶೇ. 75ರಷ್ಟು ಇಳಿಯಿತು. ಇಲ್ಲಿ ತಡೆದರೆ ಪಕ್ಕದ ಬೀದಿಗೆ ಹೋಗುತ್ತಾರೆ ಎಂಬ ಆತಂಕವೂ ನಿಜವಾಗಲಿಲ್ಲ.

ಮತ್ತೆ ಬರುವುದು ಯಾಕೆ? ಅವನಿಗೆ ಈಗ ಮನೆ ಗೊತ್ತು. ಯಾವ ಕಿಟಕಿ ಸಡಿಲ, ನಾಯಿ ಇದೆಯೇ, ಹೊರಗೆ ಓಡಲು ದಾರಿ ಯಾವುದು, ಮೊದಲ ಸಲ ಹೊರಲಾಗದೆ ಬಿಟ್ಟದ್ದೇನು. ಕದ್ದ ಟಿವಿಯ ಜಾಗಕ್ಕೆ ಹೊಸ ಟಿವಿ ಬರುತ್ತದೆ ಎಂಬುದೂ ಗೊತ್ತು. ಕೆನಡಾದ ಸಸ್ಕಟೂನ್ ನಗರದ ದೂರುಗಳನ್ನು ಪರಿಶೀಲಿಸಿದಾಗ ಇನ್ನೊಂದು ಅಂಶ ಹೊರಬಿತ್ತು: ಅಪಾಯ ಮೊದಲ ತಿಂಗಳಲ್ಲೇ ಅತಿ ಹೆಚ್ಚು, ಆ ತಿಂಗಳ ಮರುಕಳ್ಳತನಗಳಲ್ಲಿ ಅರ್ಧದಷ್ಟು ಮೊದಲ ಏಳು ದಿನದೊಳಗೆ. ಒಡೆದ ಬಾಗಿಲಿಗೆ ತಾತ್ಕಾಲಿಕವಾಗಿ ಹಲಗೆ ಹೊಡೆದು, ‘ಹಬ್ಬ ಕಳೆಯಲಿ, ಬಡಗಿ ಕರೆಸೋಣ’ ಎನ್ನುವವರು ಈ ಅಂಕಿಯನ್ನು ನೆನಪಿಡಬೇಕು.

ನೆರೆಮನೆಗಳಿಗೂ ಇದರ ಬಿಸಿ ತಗಲುತ್ತದೆ. 1964ರಲ್ಲಿ ಜಾರ್ಜ್ ನಾಕ್ಸ್ ಎಂಬ ವೈದ್ಯ, ಮಕ್ಕಳ ರಕ್ತದ ಕ್ಯಾನ್ಸರ್ ಪ್ರಕರಣಗಳು ಜಾಗದಲ್ಲೂ ಕಾಲದಲ್ಲೂ ಗುಂಪಾಗಿ ಬರುತ್ತವೆಯೇ ಎಂದು ತಿಳಿಯಲು ಒಂದು ಲೆಕ್ಕದ ವಿಧಾನ ರೂಪಿಸಿದ್ದ. ಪ್ರತಿ ಎರಡು ಪ್ರಕರಣಗಳ ನಡುವಿನ ದೂರ, ನಡುವಿನ ದಿನಗಳು ಎರಡನ್ನೂ ಹೋಲಿಸುವ ವಿಧಾನ ಅದು. ನಾಲ್ಕು ದಶಕದ ನಂತರ ಲಂಡನ್ನಿನ ಶೇನ್ ಜಾನ್ಸನ್ ಮತ್ತು ಕೇಟ್ ಬವರ್ಸ್ ಅದೇ ಲೆಕ್ಕವನ್ನು ಕಳ್ಳತನಕ್ಕೆ ಹಚ್ಚಿದರು. 2004ರ ಅವರ ಬರಹದ ಪ್ರಕಾರ ಕಳ್ಳತನವಾದ ಮನೆಯಿಂದ 400 ಮೀಟರ್ ಒಳಗಿನ ಮನೆಗಳಿಗೆ ಸುಮಾರು ಎರಡು ತಿಂಗಳವರೆಗೆ ಅಪಾಯ ಏರಿರುತ್ತದೆ. ಕಳ್ಳತನವಾಯಿತೆಂದು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುವುದರಿಂದ ಪಕ್ಕದ ಮನೆಯವರಿಗೂ ಅನ್ಯಾಯ ಮಾಡಿದಂತಾಗುತ್ತದೆ. ನಾವು ಊರಲ್ಲಿಲ್ಲದಾಗ ಪಕ್ಕದ ಮನೆಯವರು ಪೇಪರ್ ಎತ್ತಿಟ್ಟು, ಒಂದು ಗೆರೆ ರಂಗೋಲಿ ಎಳೆದು, ಸಂಜೆ ದೀಪ ಹಾಕಿದರೆ ಆಗುವ ಉಪಕಾರ ಕ್ಯಾಮೆರಾ ಮಾಡುವುದಕ್ಕಿಂತ ಕಡಿಮೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟಾದರೂ ಕಳ್ಳ ಬಂದು ಹೋದ ಎಂದುಕೊಳ್ಳಿ. ಬಾಗಿಲು ಒಡೆದಿದ್ದು ಕಂಡೊಡನೆ ಒಳಗೆ ನುಗ್ಗಬೇಡಿ. ಅವನು ಇನ್ನೂ ಒಳಗಿರಬಹುದು. ಓಡುವ ದಾರಿಗೆ ಅಡ್ಡ ನಿಂತವರ ಮೇಲೆ ಅದೇ ರಾಡು ಏಳುತ್ತದೆ. ಹೊರಗೇ ನಿಂತು 112ಕ್ಕೆ ಕರೆ ಮಾಡಿ. ನಂತರದ ಒಂದು ಗಂಟೆ ಬಹಳ ಕಷ್ಟದ್ದು, ಯಾಕೆಂದರೆ ಕೈ ಸುಮ್ಮನಿರುವುದಿಲ್ಲ. ಚೆಲ್ಲಾಡಿದ ಸೀರೆಗಳನ್ನು ಮಡಿಚಿಡಬೇಕು, ಬೀರು ಬಾಗಿಲು ಮುಚ್ಚಬೇಕು, ನೆಲ ಒರೆಸಬೇಕು ಅನಿಸುತ್ತದೆ. ಬಂದ ನೆಂಟರಿಷ್ಟರೂ ಒಬ್ಬೊಬ್ಬರಾಗಿ ಬೀರು ಮುಟ್ಟಿ ‘ಅಯ್ಯೋ’ ಎನ್ನುತ್ತಾರೆ.

ಆ ಬೀರುವಿನ ಕನ್ನಡಿಯಲ್ಲಿ ಏನಿರುತ್ತದೆ ನೋಡಿ. ಬೆರಳ ತುದಿಯ ಏಣುಗಳ ಮೇಲೆ ಬೆವರ ರಂಧ್ರಗಳು ಸಾಲಾಗಿವೆ. ಬೆವರಿನಲ್ಲಿ ಶೇ. 98ಕ್ಕೂ ಹೆಚ್ಚು ನೀರು. ನೀರು ಆರುತ್ತದೆ. ಉಳಿಯುವುದು ಚೂರು ಉಪ್ಪು, ಅಮಿನೋ ಆಮ್ಲಗಳು, ಮುಖ ಉಜ್ಜಿಕೊಂಡಾಗ ಬೆರಳಿಗೆ ಹತ್ತಿದ ಜಿಡ್ಡು. ಕನ್ನಡಿ, ಗಾಜು, ಬಣ್ಣ ಬಳಿದ ಕಬ್ಬಿಣದಂಥ ನಯವಾದ ಮೈಮೇಲೆ ಈ ಉಳಿಕೆ ಏಣುಗಳ ಆಕಾರದಲ್ಲೇ ಕೂತಿರುತ್ತದೆ. ನುಣ್ಣನೆಯ ಪುಡಿ ಸವರಿದರೆ ಜಿಡ್ಡಿಗೆ ಅಂಟಿ ಎದ್ದು ಕಾಣುತ್ತದೆ. ಕಾಗದದ ಮೇಲಾದರೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಅಮಿನೋ ಆಮ್ಲಗಳೊಡನೆ ಕೂಡಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನಾವು ಮುರಿದ ಬೊಂಬೆ ಅಂಟಿಸುವ ಸೂಪರ್ ಗ್ಲೂ ಬಿಸಿಮಾಡಿದಾಗ ಏಳುವ ಆವಿಯೂ ಪ್ಲಾಸ್ಟಿಕ್ ಮೇಲಿನ ಗುರುತಿಗೆ ಹತ್ತಿ ಬೆಳ್ಳಗೆ ಗಟ್ಟಿಯಾಗುತ್ತದೆ. ಇದೆಲ್ಲವನ್ನೂ ಒಂದು ಒದ್ದೆ ಬಟ್ಟೆ ಅರೆಗಳಿಗೆಯಲ್ಲಿ ಅಳಿಸಿಬಿಡುತ್ತದೆ.

ಈ ವಿದ್ಯೆ ಗಟ್ಟಿಯಾದದ್ದು ನಮ್ಮ ನೆಲದಲ್ಲೇ, ಅದೂ ಒಂದು ಕಳ್ಳತನದ ಪ್ರಕರಣದಲ್ಲಿ. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಯಿತು. ಅಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು ದುಡಿದರು. ಬೆರಳಚ್ಚುಗಳನ್ನು 1024 ಗೂಡುಗಳಿಗೆ ಹಂಚುವ ಗಣಿತ ಹಕ್ ಅವರದು, ಪದ್ಧತಿಗೆ ಅಂಟಿದ ಹೆಸರು ಮೇಲಧಿಕಾರಿ ಹೆನ್ರಿಯದು. ಅದೇ ಕಾಲಕ್ಕೆ ಜಲಪಾಯಿಗುಡಿ ಜಿಲ್ಲೆಯ ಚಹಾ ತೋಟದ ಮ್ಯಾನೇಜರ್ ಕೊಲೆಯಾಗಿ ಹಣ ಕಳವಾಗಿತ್ತು. ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಹೆಬ್ಬೆರಳ ಗುರುತಿತ್ತು. ಹಿಂದೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದ ಹಳೆಯ ಆಳೊಬ್ಬನ ಗುರುತಿಗೆ ಅದು ಹೊಂದಿತು. ನ್ಯಾಯಾಲಯ ಎಚ್ಚರಿಕೆಯಿಂದ ನಡೆಯಿತು: ಗುರುತು ಅವನು ಅಲ್ಲಿದ್ದನೆಂದು ಹೇಳುತ್ತದೆ, ಕೊಂದನೆಂದು ಹೇಳುವುದಿಲ್ಲ. ಕಳ್ಳತನಕ್ಕೆ ಮಾತ್ರ ಶಿಕ್ಷೆಯಾಯಿತು.

ಕಳ್ಳ ಗುರುತು ಬಿಟ್ಟುಹೋಗಬಹುದು. ಚಿನ್ನ ಮಾತ್ರ ಯಾವ ಗುರುತನ್ನೂ ಇಟ್ಟುಕೊಳ್ಳುವುದಿಲ್ಲ. 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಪ್ರಕೃತಿಯಲ್ಲಿ ಅದಕ್ಕೆ ಇರುವುದು ಒಂದೇ ಸ್ಥಿರ ಐಸೊಟೋಪು, ಚಿನ್ನ-197. ಸೀಸದಲ್ಲಿ ಮಾಡುವಂತೆ ಐಸೊಟೋಪು ಪ್ರಮಾಣ ನೋಡಿ ಇದು ಎಲ್ಲಿಯದು ಎನ್ನಲು ಬರುವುದಿಲ್ಲ. ದಕ್ಷಿಣ ಆಫ್ರಿಕಾದ ಪೊಲೀಸರು ಗಣಿಯಿಂದ ಕದ್ದ ಚಿನ್ನದಲ್ಲಿರುವ ಸೂಕ್ಷ್ಮ ಕಲಬೆರಕೆಗಳನ್ನು ಅಳೆದು ಗಣಿಯ ಗುರುತು ಹಿಡಿಯುತ್ತಾರೆ, ನಿಜ. ಶುದ್ಧೀಕರಿಸಿದ ಮೇಲೆ ಅದೂ ಹೋಯಿತು. ನಮ್ಮ ಒಡವೆಯ ಚಿನ್ನವಂತೂ ಎಷ್ಟು ಸಲ ಕುಲುಮೆ ಕಂಡಿದೆಯೋ. ಆದ್ದರಿಂದ ಕರಗುವ ಮೊದಲು ಸಿಕ್ಕರೆ ಮಾತ್ರ ನಿಮ್ಮದು. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಯಿಂದ ಅಡವಿಟ್ಟ 17 ಕಿಲೋಗೂ ಹೆಚ್ಚು ಒಡವೆ ಹೋಯಿತು. ಕ್ಯಾಮೆರಾದ ಚಿತ್ರ ಕೂಡಿಡುವ ಡಿವಿಆರ್ ಪೆಟ್ಟಿಗೆಯನ್ನೂ ಕಳ್ಳರು ಹೊತ್ತೊಯ್ದಿದ್ದರು. ತಿಂಗಳುಗಳ ನಂತರ ಪೊಲೀಸರಿಗೆ ಬಹುಪಾಲು ಚಿನ್ನ ಸಿಕ್ಕಿದ್ದು ತಮಿಳುನಾಡಿನ ಮದುರೈ ಕಡೆಯ ಬಾವಿಯೊಂದರಲ್ಲಿ. ಕ್ಯಾಮೆರಾ ಹಾಕಿಸಿ ಡಿವಿಆರನ್ನು ಟಿವಿಯ ಕೆಳಗೇ ಇಡುವ ಮನೆಗಳಿಗೂ ಇದರಲ್ಲಿ ಪಾಠವಿದೆ.

2021ರ ಜುಲೈನಿಂದ ಹಾಲ್‌ಮಾರ್ಕ್ ಒಡವೆಗಳಿಗೆ ಆರು ಅಕ್ಷರಾಂಕಗಳ ಎಚ್‌ಯುಐಡಿ ಎಂಬ ಗುರುತು ಬಂದಿದೆ, 2023ರ ಏಪ್ರಿಲ್‌ನಿಂದ ಅದಿಲ್ಲದೆ ಮಾರುವಂತಿಲ್ಲ. ಪ್ರತಿ ಒಡವೆಗೂ ಬೇರೆ ಬೇರೆ. ಅದನ್ನು ಬರೆದಿಟ್ಟುಕೊಳ್ಳಿ. ಅಜ್ಜಿಯ ಅವಲಕ್ಕಿ ಸರಕ್ಕೆ ಅಂಥದ್ದು ಇರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಎರಡೂ ಕಡೆಯ ಫೋಟೊ ತೆಗೆಯಿರಿ: ತಿರುಪು, ಕೊಕ್ಕೆ, ಹಿಂದೊಮ್ಮೆ ಬೆಸುಗೆ ಹಾಕಿಸಿದ ಕಡೆ. ಮದುವೆ ಫೋಟೊದಲ್ಲಿ ಸರ ಹೊಳೆಯುತ್ತದೆ, ಗುರುತು ಕಾಣುವುದಿಲ್ಲ. ತೂಕ ಬರೆದು, ಬಿಲ್ಲಿನ ಫೋಟೊ ಜೊತೆ ಮನೆಯ ಹೊರಗಿನ ಯಾರ ಬಳಿಯಾದರೂ ಒಂದು ಪ್ರತಿ ಇರಲಿ. ಠಾಣೆಯಲ್ಲಿ ಎಫ್‌ಐಆರ್ ಆಗುವಾಗ ಈ ಪಟ್ಟಿಯೇ ಆಧಾರ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಮಾಲು ಸಿಕ್ಕ ಮೇಲೆ ಮೊಕದ್ದಮೆ ಮುಗಿಯುವವರೆಗೆ ಠಾಣೆಯ ಪೆಟ್ಟಿಗೆಯಲ್ಲೇ ಕೊಳೆಯಬೇಕೆಂದಿಲ್ಲ. ಪಂಚನಾಮೆ ಮತ್ತು ಫೋಟೊ ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಮಾಲೀಕರಿಗೆ ಬೇಗ ಹಿಂದಿರುಗಿಸಬೇಕೆಂದು ಸುಪ್ರೀಂ ಕೋರ್ಟ್ 2002ರ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲೇ ಹೇಳಿದೆ.

ಬ್ಯಾಂಕ್ ಲಾಕರ್ ಮನೆಗಿಂತ ಮೇಲು, ಸಂಶಯವಿಲ್ಲ. ಆದರೂ ಒಂದು ಗುಣಾಕಾರ ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2021ರ ನಿಯಮದಂತೆ ಕಳ್ಳತನ, ಬೆಂಕಿ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 3000 ರೂಪಾಯಿಯಾದರೆ 3 ಲಕ್ಷ. ಒಳಗೆ ಅದರ ಹತ್ತು ಪಟ್ಟು ಇಟ್ಟವರು ವಿಮೆಯ ಬಗ್ಗೆ ವಿಚಾರಿಸುವುದು ಒಳ್ಳೆಯದು.

ಹೋದ ವಸ್ತುವಿನ ಲೆಕ್ಕ ಹೀಗೆ ಹಾಕಬಹುದು, ಮನಸ್ಸಿನದ್ದು ಬೇರೆ. 1980ರ ಸುಮಾರಿಗೆ ಇಂಗ್ಲೆಂಡಿನ ಥೇಮ್ಸ್ ಕಣಿವೆಯಲ್ಲಿ ಮೈಕ್ ಮಗ್ವಾಯರ್ ಎಂಬ ಸಂಶೋಧಕ ಕಳ್ಳತನವಾದ ಮನೆಯವರನ್ನು ವಾರಗಳ ನಂತರ ಭೇಟಿಮಾಡಿದಾಗ, ಹೆಚ್ಚಿನವರು ದುಡ್ಡಿಗಿಂತ ಹೆಚ್ಚಾಗಿ ಹೇಳಿಕೊಂಡದ್ದು ಯಾರೋ ತಮ್ಮ ಕೋಣೆಯಲ್ಲಿ ಓಡಾಡಿದ, ತಮ್ಮ ಬಟ್ಟೆ ಮುಟ್ಟಿದ ಅಸಹ್ಯವನ್ನು. ಎಲ್ಲ ಬಟ್ಟೆ ಒಗೆದು ಹಾಕುವವರು, ಆ ಕೋಣೆಯಲ್ಲಿ ಮಲಗಲು ಒಲ್ಲೆನೆನ್ನುವವರು ನಮ್ಮಲ್ಲೂ ಇದ್ದಾರೆ. ಇದು ಹುಚ್ಚಲ್ಲ, ಬೆದರಿದ ಮೆದುಳು ಕೆಲವು ವಾರ ಪ್ರತಿ ಸದ್ದನ್ನೂ ಕಳ್ಳನೆಂದೇ ಓದುತ್ತದೆ. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ನಿದ್ದೆ ಬಾರದಿದ್ದರೆ ವೈದ್ಯರಿಗೆ ಹೇಳಬೇಕು.

ಕಳ್ಳತನದ ನಂತರದ ಈ ದಿನಗಳಲ್ಲಿ ಮನೆಯೊಳಗೆ ಎರಡು ಕೇಡು ನಡೆಯುತ್ತವೆ. ‘ಕೀಲಿ ಅಲ್ಲಿಡಬೇಡ ಅಂತ ಬಡ್ಕೊಂಡೆ’ ಎಂದು ಒಬ್ಬರನ್ನೊಬ್ಬರು ಚುಚ್ಚುವುದು ಒಂದು. ಇನ್ನೊಂದು, ಯಾವ ಪುರಾವೆಯೂ ಇಲ್ಲದೆ ಮನೆಗೆಲಸದವಳ ಹೆಸರನ್ನು ಮೊದಲು ಬರೆಸುವುದು. ನಮಗೆ ಅದು ಬರೀ ಅನುಮಾನ. ಅವಳಿಗೆ ಠಾಣೆ, ಆಮೇಲೆ ಇಡೀ ಬೀದಿಯಲ್ಲಿ ಕೆಲಸವಿಲ್ಲ. ಪೊಲೀಸರು ಕೇಳಿದಾಗ ಮನೆಗೆ ಬಂದುಹೋಗುವ ಎಲ್ಲರ ಹೆಸರು ಹೇಳಿ, ನೆಂಟರನ್ನೂ ಸೇರಿಸಿ; ಬೆರಳು ಒಬ್ಬಳ ಕಡೆ ಮಾತ್ರ ತೋರಿಸಬೇಡಿ.

ಮತ್ತೆ ಮತ್ತೆ ಬೀಗ ನೋಡುವ ಚಟವೂ ಹತ್ತಿಕೊಳ್ಳುತ್ತದೆ. ಮಲಗಿದವರು ಎದ್ದು ಹೋಗಿ ಚಿಲಕ ಮುಟ್ಟಿ ಬರುತ್ತಾರೆ, ಹತ್ತು ನಿಮಿಷಕ್ಕೆ ಮತ್ತೆ ಅನುಮಾನ. ನೆದರ್ಲೆಂಡ್ಸ್‌ನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಂದ ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಪದೇ ಪದೇ ಆರಿಸಿ ಪರೀಕ್ಷೆ ಮಾಡಿಸಿದರು. ನೋಡಿದ್ದರಲ್ಲಿ ತಪ್ಪು ಹೆಚ್ಚಲಿಲ್ಲ. ಆದರೆ ಹೆಚ್ಚು ಸಲ ನೋಡಿದವರಿಗೆ ಕೊನೆಯ ಸಲದ ನೆನಪು ಮಸುಕಾಯಿತು, ಆ ನೆನಪಿನ ಮೇಲಿನ ಭರವಸೆ ಕುಸಿಯಿತು. ಒಂದೇ ಥರದ ಇಪ್ಪತ್ತು ನೆನಪುಗಳಲ್ಲಿ ಇವತ್ತಿನದು ಯಾವುದು ಎಂದು ಮೆದುಳಿಗೆ ತಿಳಿಯುವುದಿಲ್ಲ. ಜಪಾನಿನ ರೈಲು ಚಾಲಕರು ಸಿಗ್ನಲ್ ಕಡೆ ಬೆರಳು ತೋರಿ, ಕಂಡದ್ದನ್ನು ಗಟ್ಟಿಯಾಗಿ ಹೇಳುವ ರೂಢಿಯಿಟ್ಟುಕೊಂಡಿದ್ದಾರೆ. ನಾವೂ ರಾತ್ರಿ ಚಿಲಕ ಹಾಕುವಾಗ ಅದರ ಮೇಲೆ ಬೆರಳಿಟ್ಟು ‘ಮಂಗಳವಾರ, ಹಿತ್ತಿಲ ಬಾಗಿಲು, ಹಾಕಿದೆ’ ಎಂದು ಬಾಯಿಬಿಟ್ಟು ಹೇಳಬಹುದು. ಮನೆಯವರು ನಕ್ಕರೆ ಒಳ್ಳೆಯದೇ, ಸಾಕ್ಷಿಗೂ ಆಯಿತು.